ಅಮ್ಮನ ಚೀಲ ತೂಗುತ್ತಿದ್ದ ಗುಂಡಿ

ಕಪಾಟು ತೆರೆದು ಅಮ್ಮನ ಕಂದು ಕೈಚೀಲ ಹೊರತೆಗೆದರೆ ಈಗಲೂ ನನ್ನ ಮೂಗಿಗೆ ಬರುವುದು ಪೆಟ್ರೋಲಿನ ವಾಸನೆ. ನನ್ನ ಮಗಳು ಮೂಸಿ ನೋಡಿ, ಬರೀ ಏಲಕ್ಕಿ ಅನ್ನುತ್ತಾಳೆ. ಅವಳಿಗೇನು ಗೊತ್ತು, ಅವಳು ಆ ಕಾರಿನ ಹಿಂದಿನ ಸೀಟಿನಲ್ಲಿ ಕೂತವಳಲ್ಲ. ಅಪ್ಪ ಕಡಬದಲ್ಲಿ ದನದ ಡಾಕ್ಟರಾಗಿದ್ದರು. ದನದ ಹೊಟ್ಟೆಗೆ ಕಿವಿಗೊಟ್ಟು ರೋಗ ಹೇಳುತ್ತಿದ್ದವರಿಗೆ ತಮ್ಮ ಹಳೆಯ ಕಾರಿನ ಕಾಯಿಲೆ ಮಾತ್ರ ತಿಳಿಯಲಿಲ್ಲ. ಒಬ್ಬರೇ ಹೊರಟರೆ ಅದು ಏರಿನಲ್ಲಿ ಬಿಕ್ಕಿ ಬಿಕ್ಕಿ ನಿಲ್ಲುತ್ತಿತ್ತು. ಅಮ್ಮ ಪಕ್ಕದಲ್ಲಿ ಕೂತ ದಿನ ಸರಾಗವಾಗಿ ಓಡುತ್ತಿತ್ತು. ಅಪ್ಪ ಇದು ಅಮ್ಮನ ಕಾಲ್ಗುಣವೆಂದೇ ನಂಬಿಬಿಟ್ಟರು. ಅದುವರೆಗೆ ಬಾಡಿಗೆ ಮನೆಯ ಜಗಲಿಯಿಂದಾಚೆ ಹೆಚ್ಚೇನೂ ಕಾಣದಿದ್ದ ಅಮ್ಮ ಹೀಗೆ ಕೊಯಿಲ, ನೆಟ್ಟಣ ಎಂದು ಹಳ್ಳಿಹಳ್ಳಿ ತಿರುಗತೊಡಗಿದಳು. ಅಪ್ಪ ದನ ನೋಡುವಷ್ಟು ಹೊತ್ತಿನಲ್ಲಿ ಆ ಮನೆಯ ಹೆಂಗಸರೊಡನೆ ಮಾತಾಡಿ, ನೆಡಲು ದಾಸವಾಳದ ಗೆಲ್ಲೋ ಮಜ್ಜಿಗೆಮೆಣಸೋ ಇಸಿದುಕೊಂಡು, ಸಂಜೆ ಮುಖವೆಲ್ಲ ಕೆಂಪು ಧೂಳಾಗಿ ನಗುತ್ತ ಇಳಿಯುತ್ತಿದ್ದಳು. ಅಮ್ಮ ಅಷ್ಟು ನಗಬಲ್ಲಳೆಂದು ನನಗೆ ಗೊತ್ತಾದದ್ದೇ ಆಗ.

ಕೊನೆಗೊಂದು ರಜೆಯ ದಿನ ಮೂವರೂ ಪುತ್ತೂರಿನ ಮೆಕ್ಯಾನಿಕ್ ಮೋನಪ್ಪಣ್ಣನಲ್ಲಿಗೆ ಹೋದೆವು. ಅವರು ಪ್ಲಗ್ಗು ಬಿಚ್ಚಿ ಬೆಳಕಿಗೆ ಹಿಡಿದರು. ತುದಿ ಬೂದಿಯಂತೆ ಬೆಳ್ಳಗಿತ್ತು. "ಡಾಕ್ಟ್ರೇ, ಇದು ಪೆಟ್ರೋಲಿಗಿಂತ ಗಾಳಿಯೇ ಜಾಸ್ತಿ ಕುಡಿತಾ ಉಂಟು," ಎಂದರು. ಹಾಗಾದರೆ ಹೆಂಡತಿ ಕೂತರೆ ಸರಿಯಾಗುವುದೇಕೆಂದು ಅಪ್ಪ ಕೇಳಿದರು. ಮೋನಪ್ಪಣ್ಣ ಕಾರಿನೊಳಗೆ ಇಣುಕಿ, ಅಮ್ಮನ ಚೀಲವನ್ನು ಮೆಲ್ಲಗೆ ಎತ್ತಿದರು. ಅದರ ಹಿಡಿ ಜಾರದಿರಲೆಂದು ಅಮ್ಮ ಪ್ರತಿ ಸಲ ಸೀಟಿನೆದುರಿನ ಚೋಕಿನ ಗುಂಡಿಯನ್ನು ಹೊರಗೆಳೆದು ಅಲ್ಲಿ ತೂಗುಹಾಕುತ್ತಿದ್ದಳು. ಚೋಕ್ ಎಳೆದರೆ ಗಾಳಿ ಕಡಿಮೆಯಾಗಿ ಪೆಟ್ರೋಲ್ ಹೆಚ್ಚುತ್ತದೆಂದು ಮೋನಪ್ಪಣ್ಣ ವಿವರಿಸುವಾಗ ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು, ನಾನೂ ನಕ್ಕೆ. ಅಮ್ಮ ಮಾತ್ರ ಚೀಲವನ್ನು ಮಡಿಲಿಗೆ ಎಳೆದುಕೊಂಡಳು. ಕಾರ್ಬುರೇಟರಿನ ಅಡಿಯಲ್ಲಿ ಹರಿದು ಗಾಳಿ ಒಳಬಿಡುತ್ತಿದ್ದ ಗ್ಯಾಸ್ಕೆಟ್ಟನ್ನು ಬದಲಿಸಲು ಅರ್ಧ ಗಂಟೆ ಸಾಕಾಯಿತು. ವಾಪಸು ಬರುವಾಗ ದಾರಿಯುದ್ದಕ್ಕೂ ಅವಳು ಒಂದೇ ಮಾತಾಡಿದ್ದು: "ಇನ್ನು ನಾನು ಬರ್ಬೇಕೂಂತ ಇಲ್ಲ ಅಲ್ವಾ."

ಅಪ್ಪ ರಸ್ತೆ ನೋಡುತ್ತಲೇ ಗೇರು ಬದಲಿಸಿದರು. ನನಗೆ ಅವರ ಮೇಲೆ ಕೆಟ್ಟ ಸಿಟ್ಟು ಬಂತು. ಮರುದಿನ ಬೆಳಿಗ್ಗೆ ಅಮ್ಮ ಹಳೆಯ ಸೀರೆಯಲ್ಲೇ ಅಂಗಳ ಗುಡಿಸುತ್ತಿದ್ದಳು. ಅಪ್ಪ ಕಾರು ತಿರುಗಿಸಿ ಗೇಟಿನ ಬಳಿ ನಿಲ್ಲಿಸಿ ಹಾರ್ನ್ ಹೊಡೆದರು. ಎಂಜಿನ್ ಒಂದಿಷ್ಟೂ ತಡವರಿಸದೆ ಓಡುತ್ತಲೇ ಇತ್ತು. ಅವರು ಕಿಟಕಿಯಿಂದ ತಲೆ ಹೊರಹಾಕಿ ಹೇಳಿದರು: "ಗಾಡಿ ಸ್ಟಾರ್ಟ್ ಆಗುದಿಲ್ಲ. ಬಾ ಮಾರಾಯ್ತಿ." ಅಮ್ಮ ಹಿಡಿಸೂಡಿ ಅಲ್ಲೇ ಬಿಟ್ಟು ಸೀರೆ ಬದಲಿಸಲು ಒಳಗೆ ಓಡಿದಳು.

ಆ ಬಾಡಿಗೆ ಮನೆ ಈಗಿಲ್ಲ. ಅಲ್ಲೊಂದು ಅಂಗಡಿ ಕಟ್ಟಡ ಎದ್ದಿದೆ. ಅಮ್ಮ ತೀರಿಕೊಂಡು ತಿಂಗಳಾದ ಮೇಲೆ ನಾನು ಊರಿಗೆ ಬಂದಾಗ ಅಪ್ಪ ಹಳ್ಳಿಗಳಿಗೆ ಬಸ್ಸಿನಲ್ಲಿ ಹೋಗುತ್ತಿದ್ದರು. ಕಾರಿಗೇನಾಯಿತೆಂದು ಕೇಳಿದೆ. ಸ್ಟಾರ್ಟ್ ಆಗುವುದಿಲ್ಲ ಎಂದರು. ಅವರು ಸ್ನಾನಕ್ಕೆ ಹೋದಾಗ ನಾನು ಕೀಲಿ ತಿರುಗಿಸಿ ನೋಡಿದೆ. ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. ಅವರಿಗೆ ಕೇಳಿಸುವ ಮೊದಲೇ ಆಫ್ ಮಾಡಿದೆ.