ಎರಡು ಬಕೆಟ್ ಮೊಸರು

ಆ ಚಳಿಗಾಲದ ಮೊದಲ ಹಿಮ ಬೀಳುವ ಹೊತ್ತಿಗೆ ಅಮೆರಿಕದ ನಾರ್ತ್ ಕ್ರೀಕಿನ ನಮ್ಮ ಮನೆಯಲ್ಲಿ ಇದ್ದದ್ದು ಮೂರು ಜನ: ನಾನು, ನನ್ನ ಗಂಡ, ಮೈಸೂರಿನಿಂದ ಬಂದು ನಮ್ಮ ಜೊತೆಗಿದ್ದ ನಮ್ಮತ್ತೆ. ಅತ್ತೆಗೆ ಎಂಬತ್ತು ದಾಟಿತ್ತು. ಕಟ್ಟಿಸಿದ ಹಲ್ಲು ಸರಿಯಾಗಿ ಕೂರದೆ ಒಸಡೆಲ್ಲ ಹುಣ್ಣಾಗಿ, ರಾತ್ರಿಗೆ ಮೆತ್ತಗೆ ಕಲಸಿದ ಮೊಸರನ್ನ ಬಿಟ್ಟು ಬೇರೇನೂ ಅವರಿಗೆ ಒಗ್ಗುತ್ತಿರಲಿಲ್ಲ. ಬೇರೆ ಏನು ತಿಂದರೂ ಎದೆ ಉರಿ, ಬೆಳಗಿನವರೆಗೂ ಕೂತೇ ಇರುವುದು. ಹೀಗಾಗಿ ಹಿಮ ಬರುತ್ತದೆ ಎಂಬ ಸುದ್ದಿ ಬಂದ ಕೂಡಲೇ ನನ್ನ ತಲೆಗೆ ಮೊದಲು ಬಂದದ್ದು ಮೊಸರು.

ನಾವಿರುವ ಆ ಕಡೆ ಹಿಮ ಬೀಳುವುದೇ ಅಪರೂಪ. ಬಿದ್ದರೆ ಮಾತ್ರ ಏರು ರಸ್ತೆಗಳೆಲ್ಲ ಜಾರುಬಂಡೆಯಾಗಿ ಊರಿಗೆ ಊರೇ ನಿಂತುಬಿಡುತ್ತದೆ. ಅದಕ್ಕೇ ಜನ ಹಿಂದಿನ ದಿನ ಅಂಗಡಿಗಳಿಗೆ ಮುಗಿಬೀಳುತ್ತಾರೆ. ಆ ಭಾನುವಾರ ಬೆಳಿಗ್ಗೆ ನಾನು ಇಂಡಿಯನ್ ಅಂಗಡಿಗೆ ಹೋದಾಗ ಕಾರು ನಿಲ್ಲಿಸಲು ಜಾಗವಿರಲಿಲ್ಲ. ಒಳಗೆ ಹೋದರೆ ಕಾಲಿಡಲೂ ಇಲ್ಲ. ನೆಲದ ಮೇಲೆ ಕೊತ್ತಂಬರಿ ಸೊಪ್ಪು ಬಿದ್ದು, ನೂರಾರು ಬೂಟುಗಳ ಕೆಸರಿನಲ್ಲಿ ಅರೆದು ಚಟ್ನಿಯಾಗಿತ್ತು. ಒಬ್ಬ ಮಹಾನುಭಾವ ಬೆಂಡೆಕಾಯಿಯ ರಾಶಿಯ ಮೇಲೆ ಬಾಯಿಗೆ ಕೈ ಅಡ್ಡ ಹಿಡಿಯದೆ ಎರಡು ಸಲ ಸೀನಿ, ಮೂಗನ್ನು ಅಂಗೈಯಲ್ಲಿ ಒರೆಸಿಕೊಂಡು, ಅದೇ ಕೈಯಲ್ಲಿ ಒಂದೊಂದೇ ಬೆಂಡೆಕಾಯಿಯ ತುದಿ ಮುರಿದು ನೋಡುತ್ತಿದ್ದ. ಬೆಂಡೆಕಾಯಿ ಬೇಡವೆಂದು ನಾನು ಅಲ್ಲೇ ತೀರ್ಮಾನಿಸಿದೆ.

ಮೊಸರಿನ ಕಪಾಟು ಬರಿದಾಗಿತ್ತು. ಯಾರೋ ಒಡೆದು ಬಿಟ್ಟುಹೋದ ಪ್ಲಾಸ್ಟಿಕ್ ಬಕೆಟ್ಟಿನಿಂದ ಸೋರಿದ ಮೊಸರು ಕಪಾಟಿನ ತಂತಿಜಾಲರಿಯ ಮೇಲಿಂದ ತೊಟ್ಟಿಕ್ಕುತ್ತಿತ್ತು. ಅದನ್ನೇ ನೋಡುತ್ತ ನಿಂತಿದ್ದಾಗ ಹಿಂದಿನಿಂದ ದನಿ ಬಂತು.

"ಅಕ್ಕಾ! ನೀವೂ ಬಂದ್ರಾ? ಮೊಸರೆಲ್ಲ ಖಾಲಿ ನೋಡಿ. ಕೊನೇ ಎರಡು ಬಕೆಟ್ ನಂಗೇ ಸಿಕ್ತು."

ನನ್ನ ಗಂಡನ ಹಾಸ್ಟೆಲ್ ಕಾಲದ ಗೆಳೆಯನ ಹೆಂಡತಿ. ಇಬ್ಬರೇ ಇರುವ ಸಂಸಾರ, ಫ್ಯಾಕ್ಟೋರಿಯಾ ಬಡಾವಣೆಯ ಮೇಲಿನ ಗುಡ್ಡದಲ್ಲಿ ದೊಡ್ಡ ಮನೆ. ಅವಳ ತಳ್ಳುಗಾಡಿಯಲ್ಲಿ ಹಾಲು, ಬ್ರೆಡ್ಡು, ಬಾಳೆಹಣ್ಣು, ಅವಲಕ್ಕಿ, ಚಿಪ್ಸು ಎಲ್ಲ ತುಂಬಿ ತುಳುಕುತ್ತಿತ್ತು.

"ಒಂದು ಬಕೆಟ್ ನಂಗೆ ಕೊಡ್ತೀಯಾ? ಅತ್ತೆಗೆ ರಾತ್ರಿ ಮೊಸರನ್ನವೇ ಆಗ್ಬೇಕು," ಎಂದೆ.

"ಅಯ್ಯೋ, ಖಂಡಿತ ಕೊಡ್ತಿದ್ದೆ ಅಕ್ಕ. ಆದ್ರೆ ಇವರದ್ದು ಗೊತ್ತಲ್ಲ, ಮೊಸರಿಲ್ದೆ ಊಟಾನೇ ಮುಗಿಸಲ್ಲ," ಎಂದು ಮಾತಾಡುತ್ತಲೇ ಬ್ರೆಡ್ಡಿನ ಪೊಟ್ಟಣಗಳನ್ನು ಎತ್ತಿ ಬಕೆಟ್ಟುಗಳ ಮೇಲೆ ಮುಚ್ಚಿದಳು. ನಾನು ಕಿತ್ತುಕೊಂಡು ಓಡುತ್ತೇನೆ ಎಂದುಕೊಂಡಳೋ ಏನೋ.

ಅಲ್ಲಿಂದ ಪಕ್ಕದ ಸೂಪರ್‌ಮಾರ್ಕೆಟ್ಟಿಗೆ ಹೋದೆ. ಅಲ್ಲೂ ಸಾದಾ ಮೊಸರು ಒಂದೂ ಇರಲಿಲ್ಲ; ವೆನಿಲಾ, ಬ್ಲೂಬೆರಿ ಸೇರಿಸಿದ ಸಿಹಿ ಮೊಸರುಗಳು ಮಾತ್ರ. ಒಂದು ಕ್ಯಾನ್ ಹಾಲು ಸಿಕ್ಕಿತು. ಮನೆಯ ಸ್ಟೀಲ್ ಡಬ್ಬಿಯಲ್ಲಿ ನಾನೇ ಹೆಪ್ಪು ಹಾಕಿದ ಮೊಸರು ಸ್ವಲ್ಪ ಇತ್ತು. ಅತ್ತೆಗೆ ಆ ರಾತ್ರಿಗೆ ಆಗಿ ಮರುದಿನಕ್ಕೆ ಹೆಪ್ಪಿಗೂ ಉಳಿಯುತ್ತದೆ, ಹಾಲಿದ್ದರೆ ಸಾಕು ಎಂದು ಸಮಾಧಾನ ಮಾಡಿಕೊಂಡು ಬಂದೆ.

ಸಂಜೆ ಆ ಗೆಳೆಯ ನನ್ನ ಗಂಡನಿಗೆ ಫೋನ್ ಮಾಡಿದ. "ಲೋ, ನಮ್ಮ ಗುಡ್ಡದಲ್ಲಿ ಮರ ಬಿದ್ರೆ ಕರೆಂಟ್ ಹೋಗುತ್ತೆ ಕಣೋ. ನಮ್ಮದು ಎಲೆಕ್ಟ್ರಿಕ್ ಒಲೆ. ನಿಮ್ಮನೇಲಿ ಗ್ಯಾಸ್ ಇದೆಯಲ್ಲ, ಎರಡು ದಿನ ಬಂದಿರ್ತೀವಿ." ನನ್ನ ಗಂಡ ನನ್ನ ಮುಖ ನೋಡುವ ಮೊದಲೇ "ಬಾರೋ" ಎಂದುಬಿಟ್ಟಿದ್ದರು.

ಕತ್ತಲಾಗುವಷ್ಟರಲ್ಲಿ ಬಂದರು. ಕೈಯಲ್ಲಿ ಒಂದು ಸೂಟ್‌ಕೇಸು, ಒಂದು ಬಿಸ್ಕತ್ತಿನ ಪೊಟ್ಟಣ. ಕಾರನ್ನು ನಮ್ಮ ಗ್ಯಾರೇಜಿನ ಮುಂದೆಯೇ ನಿಲ್ಲಿಸಿದರು.

"ಬೆಳಿಗ್ಗೆ ಅಷ್ಟೊಂದು ತಗೊಂಡಿದ್ಯಲ್ಲ?" ಎಂದು ಕೇಳಿದೆ.

"ಎಲ್ಲಾ ಮನೆ ಫ್ರಿಜ್ಜಲ್ಲೇ ಇಟ್ಟು ಬಂದ್ವಿ ಅಕ್ಕ. ಕರೆಂಟ್ ಹೋದ್ರೆ ಅಷ್ಟೂ ಹಾಳು, ಏನ್ ಮಾಡೋದು," ಎಂದು ಅವಳು ನಿಟ್ಟುಸಿರು ಬಿಟ್ಟಳು. ನಾನು ನಂಬಿದೆ. ಪಾಪ ಅನ್ನಿಸಿತು ಕೂಡ.

ಅವನನ್ನು ಕಂಡು ಅತ್ತೆಗೆ ಬಹಳ ಸಂತೋಷವಾಯಿತು. ಹಾಸ್ಟೆಲಿನಲ್ಲಿದ್ದಾಗ ಭಾನುವಾರ ಮೆಸ್ಸು ಮುಚ್ಚಿದರೆ ಅವನು ನನ್ನ ಗಂಡನ ಜೊತೆ ಊಟಕ್ಕೆ ಬರುತ್ತಿದ್ದದ್ದು ಅತ್ತೆಯ ಮನೆಗೇ. ಅಂದು ಊಟಕ್ಕೆ ಕೂತಾಗ ಅವರೇ ಮೊಸರಿನ ಡಬ್ಬಿಯನ್ನು ಅವನ ಕಡೆ ಸರಿಸಿದರು. "ಹಾಕ್ಕೋ ಮಗೂ. ನಿಂಗೆ ಮೊಸರು ಅಂದ್ರೆ ಪ್ರಾಣ."

"ನಿಮಗೆ ಅಮ್ಮ?"

"ನಂದಾಯ್ತಪ್ಪ."

ಅವರದ್ದು ಆಗಿತ್ತು ನಿಜ, ಆದರೆ ಅದರಲ್ಲಿ ಉಳಿದದ್ದು ಹೆಪ್ಪಿಗೆಂದು ಎತ್ತಿಟ್ಟದ್ದು. ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ಡಬ್ಬಿಯನ್ನು ತಟ್ಟೆಯ ಮೇಲೆ ಬೋರಲು ಹಾಕಿದ್ದ. ಸಾಲದೆಂಬಂತೆ ಅನ್ನ ಮೆತ್ತಿದ ತೋರುಬೆರಳನ್ನು ಡಬ್ಬಿಯೊಳಗೆ ಸುತ್ತ ಆಡಿಸಿ, ಅಂಟಿದ್ದನ್ನು ಬಳಿದು, ಬೆರಳನ್ನು ಗೆಣ್ಣಿನವರೆಗೂ ಚೀಪಿದ. ಆ ಶಬ್ದ ನನಗೆ ಈಗಲೂ ಕಿವಿಯಲ್ಲಿದೆ. ಅತ್ತೆ ನಗುತ್ತ ನೋಡುತ್ತಿದ್ದರು.

ಬೆಳಿಗ್ಗೆ ಎದ್ದರೆ ಬೀದಿಯೆಲ್ಲ ಬಿಳಿ. ನೋಡಲು ಚೆನ್ನಾಗಿಯೇ ಇತ್ತು, ಆದರೆ ನೋಡಲು ಪುರುಸೊತ್ತಿರಲಿಲ್ಲ. ಅವನು ಅಡುಗೆಮನೆಯ ಸಿಂಕಿನಲ್ಲಿ, ನಾನು ತೊಳೆದಿಟ್ಟ ಲೋಟಗಳ ಪಕ್ಕದಲ್ಲೇ, ಗಂಟಲು ಕೆರೆದು ಕೆರೆದು ಉಗಿದ. ಆಮೇಲೆ ಸೋಫಾದ ಮೇಲೆ ಕಾಲು ಮಡಿಸಿ ಕೂತು, ಫೋನ್ ನೋಡುತ್ತ, ಹಿಮ್ಮಡಿಯ ಒಣ ಚರ್ಮವನ್ನು ಕಿತ್ತು ಕಿತ್ತು ಕಾಫಿ ಲೋಟದ ಬುಡದಲ್ಲಿ ಗುಡ್ಡೆ ಹಾಕಿದ. ಅವಳು ನನ್ನ ಫ್ರಿಜ್ಜಿನ ಬಾಗಿಲು ತೆಗೆದು ನಿಂತು, "ಅಕ್ಕ, ಹಣ್ಣೇನೂ ತಂದಿಲ್ವಾ?" ಎಂದಳು. ಸಾರು ಕುದಿಯುತ್ತಿದ್ದಾಗ ಸೌಟಿನಿಂದಲೇ ಹೀರಿ ರುಚಿ ನೋಡಿ, ಅದೇ ಸೌಟನ್ನು ಮತ್ತೆ ಪಾತ್ರೆಗೆ ಬಿಟ್ಟಳು. ನಾನು ಆ ಸಾರನ್ನು ತಿನ್ನಲಿಲ್ಲ.

ಹತ್ತು ಗಂಟೆಯ ಸುಮಾರಿಗೆ ಕರೆಂಟ್ ಹೋಯಿತು. ಹೀಟರ್ ನಿಂತಿತು. ಗ್ಯಾಸ್ ಒಲೆಯನ್ನು ಕಡ್ಡಿ ಗೀರಿ ಹಚ್ಚಿಕೊಂಡು ಅಡುಗೆ ಮಾಡಿದೆ. ಹೆಪ್ಪಿಲ್ಲದ್ದಕ್ಕೆ ಅತ್ತೆಯೇ ಉಪಾಯ ಹೇಳಿದರು: ಬೆಚ್ಚಗಿನ ಹಾಲಿಗೆ ಹಸಿಮೆಣಸಿನಕಾಯಿ ತೊಟ್ಟು ಹಾಕಿಟ್ಟರೆ ಮೊಸರಾಗುತ್ತದೆ ಎಂದು. ಪಾತ್ರೆಗೆ ಶಾಲು ಸುತ್ತಿ ಒಲೆಯ ಪಕ್ಕ ಇಟ್ಟೆವು. ಆ ಚಳಿಯಲ್ಲಿ ಅದು ಮೊಸರೂ ಆಗದೆ ಹಾಲೂ ಉಳಿಯದೆ, ಮರುದಿನ ಚಮಚ ಎತ್ತಿದರೆ ಮೂಗಿನ ಲೋಳೆಯ ಹಾಗೆ ಎಳೆಯೆಳೆಯಾಗಿ ಬಂತು. ಸಿಂಕಿಗೆ ಸುರಿದು ಮುಖ ತಿರುಗಿಸಿದೆ. ಅತ್ತೆ ಆ ಹಿಂದಿನ ರಾತ್ರಿ ಹಾಲು ಅನ್ನ ತಿಂದು, ನಾನು ಹೆದರಿದ್ದಂತೆಯೇ ಎದೆ ಉರಿಯಿಂದ ಕೂತೇ ಕಳೆದಿದ್ದರು. "ನಂದೇನು, ಒಂದು ರಾತ್ರಿ," ಎಂದರು.

ಈ ನಡುವೆ ಗಂಡಹೆಂಡಿರು ದಿನಕ್ಕೆ ಎರಡು ಮೂರು ಸಲ ಕಾರಿಗೆ ಹೋಗಿ ಬರುತ್ತಿದ್ದರು. "ಬ್ಯಾಟರಿ ಡೆಡ್ ಆಗುತ್ತೆ ಅತ್ತಿಗೆ, ಸ್ವಲ್ಪ ಎಂಜಿನ್ ಓಡಿಸಿ ಬರ್ತೀನಿ," ಎಂದು ಅವನು. "ನಾನೂ ಫೋನ್ ಚಾರ್ಜ್ ಮಾಡ್ಕೊಂಡು ಬರ್ತೀನಿ," ಎಂದು ಅವಳು. ನಮ್ಮ ಫೋನುಗಳನ್ನೂ ಒಯ್ದು ಚಾರ್ಜ್ ಮಾಡಿಕೊಡಿ ಎಂದರೆ ಕಾರಿನಲ್ಲಿ ವೈರು ಒಂದೇ ಇದೆ ಎಂದರು.

ಎರಡನೆಯ ದಿನ ಮಧ್ಯಾಹ್ನ ಅವರು ಹೀಗೇ ಹೊರಗೆ ಹೋದ ಮೇಲೆ, ಗ್ಯಾರೇಜಿನ ಮುಂದಿನ ಹಿಮ ಎತ್ತಿಹಾಕೋಣವೆಂದು ನಾನು ಸಲಿಕೆ ಹಿಡಿದು ಹೊರಬಂದೆ. ಎಂಜಿನ್ ಓಡುತ್ತಿತ್ತು. ಕಾರಿನ ಗಾಜುಗಳು ಒಳಗಿನಿಂದ ಮಬ್ಬಾಗಿದ್ದವು. ಸೈಲೆನ್ಸರ್ ನೋಡಿದರೆ ಪೂರ್ತಿ ಹಿಮದಲ್ಲಿ ಹೂತುಹೋಗಿತ್ತು. ಹಿಮ ಬಿದ್ದಾಗಲೆಲ್ಲ ಟೀವಿಯಲ್ಲಿ ಎಚ್ಚರಿಸುತ್ತಾರೆ, ಹೀಗೆ ಸೈಲೆನ್ಸರ್ ಮುಚ್ಚಿದರೆ ವಿಷದ ಹೊಗೆ ಕಾರಿನೊಳಗೇ ತುಂಬಿ ಕೂತವರು ಕೂತಲ್ಲೇ ಸಾಯುತ್ತಾರೆ ಎಂದು. ಸಲಿಕೆ ಬಿಸಾಡಿ, ಜಾರಿ, ಒಂದು ಮಂಡಿ ಊರಿ ಎದ್ದು, ಅವರ ಹೆಸರು ಹಿಡಿದು ಕೂಗುತ್ತ ಹೋಗಿ ಬಾಗಿಲು ಎಳೆದೆ.

ಇಬ್ಬರೂ ಚೆನ್ನಾಗಿಯೇ ಇದ್ದರು. ಅವರ ಮಧ್ಯೆ ಮೊಸರಿನ ಬಕೆಟ್ ಇತ್ತು. ಅದಕ್ಕೇ ಅವಲಕ್ಕಿ ಸುರಿದುಕೊಂಡು ಇಬ್ಬರೂ ಒಂದೊಂದು ಪ್ಲಾಸ್ಟಿಕ್ ಚಮಚ ಹಿಡಿದು ತಿನ್ನುತ್ತಿದ್ದರು. ಅವನ ಮೀಸೆಗೆ ಮೊಸರು ಹತ್ತಿತ್ತು. ಹಿಂದಿನ ಸೀಟಿನ ತುಂಬ ಭಾನುವಾರ ನಾನು ಕಂಡ ಸಾಮಾನೇ: ಬ್ರೆಡ್ಡು, ಹಾಲು, ಮುಚ್ಚಳ ತೆರೆಯದ ಇನ್ನೊಂದು ಬಕೆಟ್, ಬಾಳೆಹಣ್ಣಿನ ಸಿಪ್ಪೆಗಳು. ಬೆಚ್ಚಗಿನ ಗಾಳಿಯ ಜೊತೆ ಹುಳಿ ಮೊಸರು, ಚಿಪ್ಸು, ಬೆವರಿದ ಸಾಕ್ಸು ಎಲ್ಲದರ ವಾಸನೆ ಸೇರಿ ಒಟ್ಟಿಗೆ ನನ್ನ ಮುಖಕ್ಕೆ ಹೊಡೆಯಿತು.

ಅವಳು ತಾನು ನೆಕ್ಕಿದ ಚಮಚವನ್ನೇ ನನ್ನ ಕಡೆ ಚಾಚಿ, "ಬನ್ನಿ ಅಕ್ಕ, ನೀವೂ ಸ್ವಲ್ಪ ತಗೊಳ್ಳಿ," ಎಂದಳು.

ನನಗೆ ವಾಕರಿಕೆ ಬಂತು. ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ಬಾಯಿ ಮುಚ್ಚಿಕೊಂಡು ಕಾರಿಗೆ ಬೆನ್ನು ಮಾಡಿ ನಿಲ್ಲಬೇಕಾಯಿತು. "ಸೈಲೆನ್ಸರ್ ಮುಚ್ಚಿದೆ, ಎಂಜಿನ್ ಆಫ್ ಮಾಡಿ," ಎಂದಷ್ಟೇ ಹೇಳಿ ಒಳಗೆ ಬಂದೆ.

ನನ್ನ ಗಂಡನನ್ನು ಗ್ಯಾರೇಜಿಗೆ ಕರೆದು ಎಲ್ಲ ಹೇಳಿದೆ. ಅವರಿಗೆ ಸಿಟ್ಟು ಬರುತ್ತದೆಂದುಕೊಂಡಿದ್ದೆ. ಅವರು ನಕ್ಕರು. "ಅವನು ಮೊದ್ಲಿಂದ್ಲೂ ಹಾಗೇ ಕಣೇ. ಹಾಸ್ಟೆಲಲ್ಲೂ ಊರಿಂದ ತಂದ ಉಂಡೆ ಟ್ರಂಕಲ್ಲಿಟ್ಟು ಬೀಗ ಹಾಕ್ತಿದ್ದ. ನಮ್ಮದನ್ನೆಲ್ಲ ತಿಂತಿದ್ದ."

"ಅಮ್ಮ ರಾತ್ರಿಯೆಲ್ಲ ಕೂತಿದ್ರು, ಗೊತ್ತಾ?"

ಅವರ ನಗು ನಿಂತಿತು. ಆದರೂ ಹೇಳಿದ್ದು ಇಷ್ಟೇ: "ಈಗ ರಸ್ತೆ ತುಂಬ ಐಸು. ಎಲ್ಲಿಗೆ ಕಳಿಸ್ಲಿ? ಬಿಡು, ನಾಳೆ ಹೋಗ್ತಾರೆ."

ಸಂಜೆ ಅತ್ತೆ ಊಟಕ್ಕೆ ಕೂತರು. ಬಿಸಿ ಅನ್ನವನ್ನು ಕಿವುಚಿ ಹಾಲು ಹಾಕಲು ಹೊರಟಿದ್ದೆ. ಅಷ್ಟರಲ್ಲಿ ಅವನು ಹೊರಗಿನಿಂದ ಬಂದು, ಅದೇ ಬಕೆಟ್ಟನ್ನು ಅವರ ತಟ್ಟೆಯ ಪಕ್ಕ ಇಟ್ಟ. ಮೇಲಿನ ಅವಲಕ್ಕಿಯನ್ನು ತೆಗೆದು ಚಮಚದಿಂದ ಸಮ ಮಾಡಿದ್ದರು.

"ಅಮ್ಮ, ಮೊಸರು! ಕಾರಲ್ಲಿ ಇಟ್ಟಿದ್ದು ಮರ್ತೇ ಹೋಗಿತ್ತು."

"ಬದುಕ್ಕೊಂಡೆ ಕಣಪ್ಪ. ದೇವರು ನಿನ್ನ ಚೆನ್ನಾಗಿಟ್ಟಿರ್ಲಿ," ಎಂದು ಅತ್ತೆ ಕೈ ಚಾಚಿದರು.

ನಾನು ಬಕೆಟ್ಟನ್ನು ಹಿಂದಕ್ಕೆ ಎಳೆದುಕೊಂಡೆ. "ಅತ್ತೆ, ಮುಟ್ಟಬೇಡಿ. ಎಂಜಲು."

ನಮ್ಮತ್ತೆಗೆ ಬೇರೆ ಮಡಿ ಮೈಲಿಗೆ ಎಲ್ಲ ಅಮೆರಿಕಕ್ಕೆ ಬಂದ ಮೇಲೆ ಸಡಿಲವಾಗಿತ್ತು. ಎಂಜಲು ಮಾತ್ರ ಆಗುತ್ತಿರಲಿಲ್ಲ. ಅವರ ಕೈ ಅಲ್ಲೇ ನಿಂತಿತು. ಅವನ ಮುಖ ನೋಡಿದರು.

"ಇಲ್ಲಮ್ಮ, ಅತ್ತಿಗೆ ಸುಮ್ನೆ..."

"ಒಂದು ಪಕ್ಕದಿಂದ ಮಾತ್ರ ತಿಂದಿದ್ವಿ ಅಮ್ಮ. ಇನ್ನೊಂದು ಪಕ್ಕ ಮುಟ್ಟೇ ಇಲ್ಲ," ಎಂದಳು ಅವಳು.

ನನ್ನ ಗಂಡ ಕಿಟಕಿಯಾಚೆ ನೋಡುತ್ತಿದ್ದರು. ಅತ್ತೆ, ಸಿಟ್ಟಿನ ಸುಳಿವೂ ಇಲ್ಲದೆ, ನಿಜಕ್ಕೂ ಅರ್ಥವಾಗದವರ ಹಾಗೆ ಕೇಳಿದರು: "ಹಸಿವಾಗಿದ್ರೆ ಇಲ್ಲೇ ತಿನ್ನಬಹುದಿತ್ತಲ್ಲಪ್ಪ. ಆ ಚಳೀಲಿ ಕಾರಲ್ಲಿ ಯಾಕೆ ಕೂತ್ಕೊಂಡ್ರಿ?"

ಅತ್ತೆ ಹಾಲು ಹಾಕಿಸಿಕೊಂಡು ಎರಡು ತುತ್ತು ತಿಂದು ಎದ್ದರು. ಇನ್ನೊಂದು ಬಕೆಟ್ಟಿನ ಮುಚ್ಚಳವೇ ತೆರೆದಿರಲಿಲ್ಲ ಎಂಬುದು ನನಗೆ ಗೊತ್ತಿತ್ತು, ಆ ಗಂಡಹೆಂಡಿರಿಗೂ ಗೊತ್ತಿತ್ತು. ಅದು ಕಾರಿನಿಂದ ಇಳಿಯಲಿಲ್ಲ. ಅವರು ಕೊಟ್ಟಿದ್ದರೂ ನಾನು ತೆಗೆದುಕೊಳ್ಳುತ್ತಿದ್ದೆನೋ ಇಲ್ಲವೋ, ಹೇಳಲಾರೆ. ಎಂಜಲು ಬಕೆಟ್ಟನ್ನು ಹಾಗೇ ಕಸದ ತೊಟ್ಟಿಗೆ ಹಾಕಿದೆ. "ಅಯ್ಯೋ, ಅರ್ಧ ಇತ್ತಲ್ಲ ಅಕ್ಕ," ಎಂದಳು ಅವಳು, ಮನಸ್ಸಿಗೆ ನಿಜಕ್ಕೂ ನೋವಾದವಳ ಹಾಗೆ.

ಮರುದಿನ ಬಿಸಿಲು ಬಂತು. ದೊಡ್ಡ ರಸ್ತೆಗಳು ತೆರೆದವು, ನಮ್ಮ ಮನೆಗೆ ಕರೆಂಟೂ ಬಂತು. ಊಟ ಮುಗಿಸಿಕೊಂಡೇ ಹೊರಟರು. ಮನೆ ಮುಟ್ಟಿ ಅವನು ಫೋನ್ ಮಾಡಿದ್ದು ನನಗೂ ಕೇಳಿಸಿತು: "ನಮ್ಮನೇಲಿ ಕರೆಂಟ್ ಹೋಗೇ ಇರ್ಲಿಲ್ಲ ಕಣೋ, ಸುಮ್ನೆ ಬಂದ್ವಿ ನೋಡು." ನಾನು ಅವರಿದ್ದ ಕೋಣೆಯ ಹಾಸಿಗೆ ಬಟ್ಟೆಗಳನ್ನೆಲ್ಲ ಬಿಸಿನೀರಿಗೆ ಹಾಕಿ, ಸೋಫಾ ಉಜ್ಜಿ, ಸಿಂಕಿಗೆ ಬ್ಲೀಚು ಸುರಿದೆ. ಆ ಮಧ್ಯಾಹ್ನವೇ ಕ್ರಾಸ್‌ರೋಡ್ಸ್ ಬಡಾವಣೆಯ ತಮಿಳು ಗೆಳತಿಯೊಬ್ಬಳು, ನಾನು ಫೋನಿನಲ್ಲಿ ಸುಮ್ಮನೆ ಹೇಳಿಕೊಂಡದ್ದಕ್ಕೆ, ಆ ಐಸಿನ ರಸ್ತೆಯಲ್ಲಿ ಕಾರು ಓಡಿಸಿಕೊಂಡು ಬಂದು ಒಂದು ಲೋಟ ಹೆಪ್ಪು ಕೊಟ್ಟು ಹೋದಳು.

ಮಾರ್ಚಿನಲ್ಲಿ ಅತ್ತೆ ಊರಿಗೆ ಹೊರಟರು. ಹೊರಡುವ ಮೊದಲು ನಿಂಬೆಕಾಯಿ ಉಪ್ಪಿನಕಾಯಿ ಹಾಕಿ ಎರಡು ಬಾಟಲಿಗೆ ತುಂಬಿದರು. ಒಂದು ನಮಗೆ. ಇನ್ನೊಂದು ಅವನಿಗೆ ಎಂದರು.

"ನಾನು ಕೊಡಲ್ಲ ಅತ್ತೆ," ಎಂದೆ.

"ಕೊಡಬೇಡ. ನಿನ್ನ ಗಂಡ ಕೊಡ್ತಾನೆ."

ಕೊಟ್ಟರು. ಬೇಸಿಗೆಯಲ್ಲಿ ಯಾವುದೋ ಸಮಾರಂಭದಲ್ಲಿ ಸಿಕ್ಕಾಗ ಅವಳು ನನ್ನನ್ನು ಅಪ್ಪಿಕೊಂಡು, ಉಪ್ಪಿನಕಾಯಿಯನ್ನು ಹೊಗಳಿ, ಖಾಲಿ ಬಾಟಲಿಯನ್ನು ನನ್ನ ಕೈಗಿಟ್ಟಳು. ತೊಳೆದಿರಲಿಲ್ಲ.