ಡಕ್ಟಿನೊಳಗಿನ ಬಿಸಿಗಾಳಿ

ಆ ಸಭಾಂಗಣದ ತಂಪು ನೆನಪಾದರೆ ನನಗೆ ಈಗಲೂ ಬಾಯಿ ಕಹಿಯಾಗುತ್ತದೆ. ತಂಪೆಂದರೆ ಹಿತ ಎಂದಷ್ಟೇ ತಿಳಿದಿದ್ದವಳು ನಾನು. ಮುಟ್ಟಳ್ಳಿಯ ನಮ್ಮ ಮನೆಯಲ್ಲಿ ಬೇಸಿಗೆಯ ಮಧ್ಯಾಹ್ನ ಗದ್ದೆ ಕಡೆಯಿಂದ ಒಂದು ಸುಳಿ ಗಾಳಿ ಬಂದರೆ ಎಲ್ಲರೂ ಮಾತು ನಿಲ್ಲಿಸಿ ಅತ್ತ ಮುಖ ತಿರುಗಿಸುತ್ತಿದ್ದೆವು. ತಂಪು ಕೂಡ ಹೇಸಿಗೆ ಹುಟ್ಟಿಸಬಲ್ಲದು ಎಂದು ಗೊತ್ತಾದದ್ದು ಕುಮಟೆಯ ಆ ಹಾಸ್ಟೆಲ್ಲಿಗೆ ವಾರ್ಡನ್ ಆಗಿ ಹೋದ ಮೇಲೆ.

ಹೊನ್ನಾವರದಲ್ಲಿ ನಾನು ಪಾಠ ಮಾಡುತ್ತಿದ್ದ ಸಣ್ಣ ಶಾಲೆ ಮಕ್ಕಳಿಲ್ಲದೆ ಮುಚ್ಚಿಹೋಗಿತ್ತು. ಕಾಲೇಜು ಹುಡುಗಿಯರ ಹಾಸ್ಟೆಲ್ಲಿಗೆ ಅಲ್ಲೇ ಉಳಿದುಕೊಳ್ಳುವ ಹೆಂಗಸು ಬೇಕಂತೆ ಎಂದು ಪರಿಚಯದವರು ಹೇಳಿದರು. ಹೋದೆ. ಕಟ್ಟಡ ಹೊಸದು. ಹೆದ್ದಾರಿಯಲ್ಲಿ ಬಸ್ಸಿನಿಂದಲೇ ಎದ್ದು ಕಾಣುತ್ತಿತ್ತು. ಪಶ್ಚಿಮಕ್ಕೆ ಮುಖ ಮಾಡಿ ನಿಂತ ದೊಡ್ಡ ಗಾಜಿನ ಗೋಡೆ, ಮೇಲೆ ಬೆಳ್ಳಿ ಬಣ್ಣದ ಹಾಳೆಗಳ ಹೊದಿಕೆ. ನೆಲ ಅಂತಸ್ತಿನಲ್ಲಿ ಸಂಸ್ಥೆಯ ಕಚೇರಿ ಮತ್ತು ಸಭಾಂಗಣ, ಅದರ ಮೇಲಿನ ಎರಡು ಅಂತಸ್ತುಗಳಲ್ಲಿ ಹುಡುಗಿಯರು. ಗಾಜು ಹಾಕಿಸಿದ್ದು ಬೆಳಕು ಬರಲಿ ಎಂದಂತೆ. ಆದರೆ ಮಧ್ಯಾಹ್ನವಾಗುತ್ತಲೇ ಬಿಸಿಲು ಸೀದಾ ಒಳಗೆ ಹೊಡೆಯುತ್ತಿದ್ದುದರಿಂದ ಅದಕ್ಕೆ ದಪ್ಪ ಕೆಂಪು ಪರದೆ ಎಳೆದಿದ್ದರು. ಪರದೆ ಎಳೆದರೆ ಕತ್ತಲು. ಹಾಗಾಗಿ ಹಾಡುಹಗಲೇ ಎಲ್ಲ ದೀಪಗಳೂ ಉರಿಯುತ್ತಿದ್ದವು. ಗಾಜು ಕಾದು ದೀಪ ಕಾದು ಸೆಕೆಯಾಗುತ್ತದೆಂದು ಬೆಳಿಗ್ಗೆಯಿಂದಲೇ ಎಸಿ. ತರಬೇತಿ, ಸೀರೆ ಮಾರಾಟ, ನಿಶ್ಚಿತಾರ್ಥ ಎಂದು ಆ ಸಭಾಂಗಣ ಖಾಲಿ ಇರುತ್ತಿದ್ದುದೇ ಅಪರೂಪ.

ಮಳೆಗಾಲ ಮತ್ತು ಚಳಿಗಾಲ ಹೇಗೋ ಕಳೆಯಿತು. ಶಿವರಾತ್ರಿ ದಾಟಿದ್ದೇ ಮೇಲಿನ ಕೋಣೆಗಳು ಬೇಯತೊಡಗಿದವು. ತಾರಸಿಯ ಕೆಳಗಿನ ಕೋಣೆಗಳಲ್ಲಿ ಗೋಡೆಗೆ ಕೈ ಇಟ್ಟರೆ ಚುರ್ರೆನ್ನುತ್ತಿತ್ತು. ಬಕೆಟ್ಟಿನಲ್ಲಿ ತುಂಬಿಟ್ಟ ನೀರು ಸಂಜೆಗೆ ಉಗುರುಬೆಚ್ಚಗೆ. ಹುಡುಗಿಯರು ಒದ್ದೆ ಟವೆಲ್ಲನ್ನು ಕುತ್ತಿಗೆಗೆ ಸುತ್ತಿಕೊಂಡು ಓದುತ್ತಿದ್ದರು, ಹಾಸಿಗೆ ಬಿಟ್ಟು ಬರಿನೆಲದ ಮೇಲೆ ಮಲಗುತ್ತಿದ್ದರು. ಕಿಟಕಿ ತೆರೆಯಿರಿ ಎಂದರೆ, ತೆರೆದರೆ ಇನ್ನೂ ಸೆಕೆ ಅಕ್ಕೋರೆ ಎನ್ನುತ್ತಿದ್ದರು. ನಮ್ಮ ಕಡೆ ಪಾಠ ಹೇಳುವ ಹೆಂಗಸರನ್ನು ಅಕ್ಕೋರು ಎನ್ನುವುದು ರೂಢಿ. ಶಾಲೆ ಬಿಟ್ಟರೂ ಆ ಹೆಸರು ನನ್ನನ್ನು ಬಿಟ್ಟಿರಲಿಲ್ಲ. ಕಿಟಕಿ ತೆರೆದರೆ ಸೆಕೆ ಹೆಚ್ಚಾಗುವುದು ಎಲ್ಲಿಯಾದರೂ ಉಂಟೇ ಎಂದು ನಾನೇ ಹೋಗಿ ತೆರೆದು ನೋಡಿದೆ. ಮುಖಕ್ಕೆ ಬಿಸಿ ಉಸಿರು ಬಿಟ್ಟಂತಾಯಿತು. ಅದರಲ್ಲಿ ಒಂದು ನಾತವೂ ಇತ್ತು.

ಒಂದು ಭಾನುವಾರ ಕೆಳಗೆ ಯಾವ ಕಾರ್ಯಕ್ರಮವೂ ಇರಲಿಲ್ಲ. ಅದೇ ಕಿಟಕಿಯಿಂದ ಸಾಧಾರಣ ಗಾಳಿ ಬಂತು. ಹುಡುಗಿಯರು ಮಧ್ಯಾಹ್ನ ನಿದ್ದೆ ಮಾಡಿದರು. ಸೋಮವಾರ ಮತ್ತೆ ಬೆಂಕಿ. ಆಗ ಸಂಶಯ ಬಂದು ಕೆಳಗಿಳಿದೆ.

ಕಟ್ಟಡದ ನಡುವೆ ಗಾಳಿ ಬೆಳಕಿಗೆಂದು ಬಾವಿಯಂತೆ ಬಿಟ್ಟ ಜಾಗವಿತ್ತು. ಅದನ್ನು ಎಲ್ಲರೂ ಡಕ್ಟ್ ಎನ್ನುತ್ತಿದ್ದರು. ಹುಡುಗಿಯರ ಕೋಣೆಗಳ ಕಿಟಕಿಗಳೆಲ್ಲ ಅದರೊಳಕ್ಕೇ ತೆರೆಯುತ್ತಿದ್ದವು. ಅದರ ತಳಕ್ಕೆ ಹೋಗಲು ಪಾಯಖಾನೆ ಪಕ್ಕದ ಸಣ್ಣ ಬಾಗಿಲೊಂದೇ. ಬಾಗಿಲು ದೂಡಿದೆ. ಸಭಾಂಗಣದ ಎಸಿಗಳ ಹೊರಗಿನ ಪೆಟ್ಟಿಗೆಗಳೆಲ್ಲ ಅಲ್ಲಿ ಸಾಲಾಗಿ ಗೋಡೆಗೆ ಕೂತು ಗರಗರ ಸದ್ದು ಮಾಡುತ್ತ ಬಿಸಿಗಾಳಿ ಉಗುಳುತ್ತಿದ್ದವು. ಹೋಗಲು ಬೇರೆ ದಾರಿಯಿಲ್ಲದೆ ಆ ಗಾಳಿ ನೆಟ್ಟಗೆ ಮೇಲಕ್ಕೇರುತ್ತಿತ್ತು. ಕೊಳವೆಗಳಿಂದ ಸೋರಿದ ನೀರು ನೆಲದಲ್ಲಿ ನಿಂತು ಹಸಿರು ಲೋಳೆಯಾಗಿತ್ತು. ಅದರ ಮೇಲೆ ಪಾರಿವಾಳದ ಹಿಕ್ಕೆ, ಪುಕ್ಕ, ಕೊಳೆತು ಅಂಟಿಕೊಂಡ ಒಂದು ಮರಿ. ಸೆರಗನ್ನು ಬಾಯಿಗೊತ್ತಿಕೊಂಡು ಹೊರಗೆ ಓಡಿ ಬಂದೆ. ಕೆಳಗಿನವರು ತಮಗೆ ಬೇಡವಾದ ಬಿಸಿಯನ್ನೂ ನಾತವನ್ನೂ ಮೇಲಿನ ಹುಡುಗಿಯರ ಮೂಗಿಗೆ ಕಳಿಸುತ್ತಿದ್ದರು. ಅಷ್ಟು ತಿಂಗಳು ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಸಂಸ್ಥೆಯ ಅಧ್ಯಕ್ಷರು ಊರಿನಲ್ಲಿ ಮಾನವಂತರೆಂದು ಹೆಸರಾದ ವಕೀಲರು. ಅವರಿಗೆ ಹೇಳಿದೆ. ಪೆಟ್ಟಿಗೆಗಳನ್ನು ಕಟ್ಟಡದ ಹಿಂದಿನ ಗೋಡೆಗೆ ಸರಿಸಿದರೆ ಸಾಕು ಎಂದೆ. ಅವರು ನಗುತ್ತ, “ಸೆಕೆ ಯಾರಿಗಿಲ್ಲ ಹೇಳಿ? ಕರಾವಳಿಲಿ ಹುಟ್ಟಿದ ಮೇಲೆ ಬೆವರಬೇಕು,” ಎಂದರು. ಹಾಗೆನ್ನುವಾಗ ಅವರು ತೋಳಿಲ್ಲದ ಉಣ್ಣೆಯ ಸ್ವೆಟರ್ ಹಾಕಿಕೊಂಡಿದ್ದರು. ಏಪ್ರಿಲ್ ತಿಂಗಳು.

ಸಮಿತಿಯ ಸಭೆಗೆ ಬಂದು ಹೇಳಿ ಎಂದರು. ಹೋದೆ. ಒಳಗೆ ಕಾಲಿಟ್ಟರೆ ಮೈ ಜುಮ್ಮೆಂದಿತು. ಸದಸ್ಯರಲ್ಲಿ ಕೆಲವರು ಶಾಲು ಹೊದ್ದಿದ್ದರು. ಒಬ್ಬರು ಸೀನುತ್ತಿದ್ದರು. ಯಾರಿಗೂ ಎಸಿ ಕಡಿಮೆ ಮಾಡೋಣ ಎನ್ನಿಸಿರಲಿಲ್ಲ. ಚಳಿಯಾಗುತ್ತದೆಂದು ಬಿಸಿ ಬಿಸಿ ಚಾ ಮತ್ತೆ ಮತ್ತೆ ತರಿಸುತ್ತಿದ್ದರು. ತಟ್ಟೆಗಳಲ್ಲಿ ತೆಂಗಿನೆಣ್ಣೆಯಲ್ಲಿ ಕರಿದ ಬನ್ಸು, ಭಾಜಿ. ಬನ್ಸಿನ ಎಣ್ಣೆ ಆ ತಂಪಿಗೆ ತಟ್ಟೆಯಲ್ಲೇ ಬಿಳಿಯಾಗಿ ಹೆಪ್ಪುಗಟ್ಟಿತ್ತು. ನನ್ನ ಸರದಿ ಬರುವ ಮೊದಲು ಕರೆಂಟ್ ಬಿಲ್ಲಿನ ಚರ್ಚೆ ನಡೆಯಿತು. ಬಿಲ್ಲು ವಿಪರೀತ ಬರುತ್ತಿದೆ, ಉಳಿತಾಯ ಮಾಡಬೇಕು. ಹೇಗೆ? ಹುಡುಗಿಯರು ಕಾಲೇಜಿಗೆ ಹೋದರೂ ಫ್ಯಾನು ಹಾಕಿಯೇ ಹೋಗುತ್ತಾರೆ. ಹಗಲು ಹೊತ್ತು ಮೇಲಿನ ಅಂತಸ್ತುಗಳ ಫ್ಯಾನಿನ ಸಂಪರ್ಕವನ್ನೇ ಕಚೇರಿಯಿಂದ ಬಂದ್ ಮಾಡಬೇಕು. ಎಲ್ಲರೂ ಒಪ್ಪಿದರು. ಪರೀಕ್ಷೆಯ ರಜೆ, ಹುಡುಗಿಯರು ಹಗಲೆಲ್ಲ ಕೋಣೆಯಲ್ಲೇ ಕೂತು ಓದುತ್ತಿದ್ದಾರೆ ಎಂದು ನಾನು ಹೇಳಿದ್ದು ಚಮಚದ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ. ಡಕ್ಟಿನ ವಿಷಯ ಮುಂದಿನ ಸಭೆಗೆ ಹೋಯಿತು. ನನ್ನ ಮುಂದೆ ಇಟ್ಟ ಬನ್ಸನ್ನು ಮುಟ್ಟಲಾಗದೆ ಎದ್ದು ಬಂದೆ.

ಸಮಿತಿಯಲ್ಲಿ ಒಬ್ಬರೇ ಹೆಂಗಸು, ನಿವೃತ್ತ ಮುಖ್ಯಾಧ್ಯಾಪಕಿ. ಅವರನ್ನು ಮಾರನೆಯ ಮಧ್ಯಾಹ್ನ ಕೈ ಹಿಡಿದು ಮೇಲಕ್ಕೆ ಕರೆತಂದೆ. ತಾರಸಿಯ ಕೆಳಗಿನ ಕೋಣೆಯಲ್ಲಿ ಮಾವಳ್ಳಿಯ ಹುಡುಗಿಯೊಬ್ಬಳಿದ್ದಳು, ಎರಡನೇ ಪಿಯುಸಿ, ಆ ವರ್ಷ ಪರೀಕ್ಷೆ ತಡವಾಗಿ ಬಂದಿತ್ತು. ಬೆವರುಸಾಲೆ ಎದ್ದು, ಕೆರೆದು ಕೆರೆದು ಅವಳ ತೋಳು ಕುತ್ತಿಗೆಯೆಲ್ಲ ಕೀವುಗುಳ್ಳೆಗಳಾಗಿದ್ದವು. ಅಂಗಿ ಅಂಟಿಕೊಳ್ಳದಂತೆ ತೋಳನ್ನು ಮೈಯಿಂದ ದೂರ ಹಿಡಿದು ಕೂತಿದ್ದಳು. ಮುಖ್ಯಾಧ್ಯಾಪಕಿ ಹಾಸಿಗೆಯ ಅಂಚಿನಲ್ಲಿ ಕೂತರು. ಸ್ವಲ್ಪ ಹೊತ್ತಿಗೆ ಅವರ ಮುಖ ಕೆಂಪಾಯಿತು, ಕನ್ನಡಕ ಮಬ್ಬಾಯಿತು. ಹುಡುಗಿಯ ತೋಳು ನೋಡಿ ಲೊಚಗುಟ್ಟಿದರು. “ಇದು ಮನುಷ್ಯರು ಇರೋ ಜಾಗ ಅಲ್ಲ,” ಎಂದರು. ನನಗೆ ಜೀವ ಬಂದಂತಾಯಿತು. ಮುಂದಿನ ಸಭೆಯಲ್ಲಿ ನಾನು ಮತ್ತೆ ವಿಷಯ ಎತ್ತಿದಾಗ ಅಧ್ಯಕ್ಷರು ಅವರತ್ತ ತಿರುಗಿ, ನೀವು ನೋಡಿ ಬಂದಿರಂತಲ್ಲ, ಹೇಗಿದೆ ಎಂದು ಕೇಳಿದರು. ಅವರು ಶಾಲು ಸರಿಮಾಡಿಕೊಂಡು, ಸ್ವಲ್ಪ ಸೆಕೆ ಇದೆ, ಅಡ್ಡಿಲ್ಲ, ಮಕ್ಕಳಿಗೂ ಸ್ವಲ್ಪ ಅಭ್ಯಾಸ ಆಗಬೇಕು ಎಂದರು. ಅಧ್ಯಕ್ಷರಿಗಿಂತ ಹೆಚ್ಚು ಅಸಹ್ಯ ನನಗೆ ಅವರ ಮೇಲೆ ಹುಟ್ಟಿದ್ದು ಆಗ. ಅಧ್ಯಕ್ಷರಾದರೂ ಮೆಟ್ಟಿಲು ಹತ್ತಿರಲಿಲ್ಲ. ಇವರು ಹತ್ತಿ ನೋಡಿ ಬಂದಿದ್ದರು.

ಹಗಲು ಫ್ಯಾನು ಬಂದಾದ ಮೇಲೆ ಹುಡುಗಿಯರನ್ನೆಲ್ಲ ಕೆಳಗೆ ಫ್ಯಾನಿದ್ದ ಊಟದ ಕೋಣೆಯಲ್ಲಿ ಕೂರಿಸಿ ಓದಿಸಿದೆ. ಮಾವಳ್ಳಿಯ ಹುಡುಗಿಗೆ ಜ್ವರ ಬಂತು. ವೈದ್ಯರಲ್ಲಿಗೆ ಕರೆದೊಯ್ದು, ಮನೆಗೂ ಫೋನ್ ಮಾಡಿದೆ. ಅವಳ ಅಪ್ಪ ಬಂದರು. ಗದ್ದೆ, ಹತ್ತಾರು ತೆಂಗಿನ ಮರ ಇಟ್ಟುಕೊಂಡ ಮನುಷ್ಯ, ಕೂಗಾಡುವ ಸ್ವಭಾವವಲ್ಲ. ಕೋಣೆ ನೋಡಿದರು. ನಾನು ಡಕ್ಟಿನ ಬಾಗಿಲು ತೆರೆದು ತೋರಿಸಿದೆ. ಅವರು ಲೋಳೆಯ ಮೇಲೇ ಕಾಲಿಟ್ಟು ಒಳಗೆ ಹೋಗಿ ಒಂದು ಪೆಟ್ಟಿಗೆಯ ಮುಂದೆ ಅಂಗೈ ಚಾಚಿ ನಿಂತರು.

“ಇದು ಎಂತದ್ ಅಕ್ಕೋರೆ? ನಮ್ಮನೆ ಭತ್ತ ಬೇಯ್ಸು ಒಲೆ ಬದಿಗೂ ಇಷ್ಟ್ ಝಳ ಇರುದಿಲ್ಲ,” ಎಂದರು.

ಮಗಳನ್ನು ಕರೆದುಕೊಂಡು ಹೋಗುತ್ತೀರಾ ಎಂದು ಕೇಳಿದೆ. ಅದಕ್ಕೇ ಬಂದದ್ದಂತೆ, ಆದರೆ ಪರೀಕ್ಷೆ ಮುಗಿಯದೆ ಬರುವುದಿಲ್ಲ ಎಂದು ಅವಳು ಹಟ ಹಿಡಿದಿದ್ದಳು. ಅವರು ತಲೆಯೆತ್ತಿ ಡಕ್ಟಿನ ಬಾಯಲ್ಲಿ ಕಾಣುವ ಆಕಾಶದ ಚೌಕವನ್ನು ನೋಡಿದರು. “ಆತು. ಪೆಟ್ಟಿಗೆ ತೆಗ್ಸುಕೆ ನನ್ನಿಂದ ಆಗುದಿಲ್ಲ. ಮಾಡಿಗೆ ನೆರಳು ಮಾಡುಕೆ ಆತ್ತು,” ಎಂದು ತಾರಸಿಯತ್ತ ಕೈ ತೋರಿಸಿ ಹೊರಟರು.

ಎರಡು ದಿನ ಬಿಟ್ಟು ಒಂದು ಟೆಂಪೋ ತುಂಬ ಮಡಲು, ಹೆಣೆದ ತೆಂಗಿನ ಗರಿ, ಬಂತು. ಕಾಗಾಲದ ಹುಡುಗಿಯೊಬ್ಬಳು ತನ್ನೂರ ಕಡೆಯಿಂದ ಚಿಪ್ಪಿನ ಸುಣ್ಣ ತರಿಸಿದಳು. ಬೆಳಿಗ್ಗೆ ಬಿಸಿಲೇರುವ ಮೊದಲು ತಾರಸಿ ಗುಡಿಸಿ, ತೊಳೆದು, ಎಲ್ಲರೂ ಸೇರಿ ಸುಣ್ಣ ಬಳಿದೆವು. ಒಣಗಿದ ಮೇಲೆ ಇನ್ನೊಂದು ಸಲ. ಅದರ ಮೇಲೆ ಬಿದಿರಿನ ಗಳಗಳಿಗೆ ಮಡಲು ಕಟ್ಟಿ ಚಪ್ಪರ ಮಾಡಿದೆವು. ಡಕ್ಟಿನ ಕಾಟ ಹಾಗೇ ಇತ್ತು, ಆದರೆ ಮೇಲಿನಿಂದ ಸುರಿಯುವ ಬಿಸಿ ನಿಂತಿತು. ಗೋಡೆಗೆ ಕೈ ಇಟ್ಟು ತೆಗೆಯದೆ ಇರುವಷ್ಟು ವ್ಯತ್ಯಾಸವಾಯಿತು. ಫ್ಯಾನಿಲ್ಲದಿದ್ದರೂ ಹುಡುಗಿಯರು ಕೋಣೆಗೆ ಮರಳಿದರು. ಆ ದಿನಗಳಲ್ಲಿ ನನಗೆ ಸಂತೋಷವೆಂಬುದು ಆಗಿದ್ದರೆ ಅದೊಂದೇ.

ಅಧ್ಯಕ್ಷರಿಗೆ ಚಪ್ಪರ ಹೆದ್ದಾರಿಯಿಂದ ಕಂಡಿತು. ಕಟ್ಟಡದ ಅಂದ ಕೆಟ್ಟಿತು ಎಂದು ಫೋನಿನಲ್ಲಿ ಹೇಳಿದರು. ವಿದ್ಯುತ್ ಉಳಿತಾಯದ ಕಟ್ಟಡ ಎಂಬ ಪ್ರಶಸ್ತಿಗೆ ಸಂಸ್ಥೆ ಅರ್ಜಿ ಹಾಕಿತ್ತಂತೆ, ಪರಿಶೀಲನೆಗೆ ಜನ ಬರುವವರಿದ್ದರಂತೆ. ಆಳುಗಳನ್ನು ಕಳಿಸಿ ಮಡಲನ್ನೆಲ್ಲ ಕೀಳಿಸಿ ಹಿತ್ತಲಲ್ಲಿ ಸುಡಿಸಿದರು. ಸುಣ್ಣ ಮಾತ್ರ ಕೀಳಲು ಬರುವುದಿಲ್ಲವಲ್ಲ, ಉಳಿಯಿತು.

ಪರಿಶೀಲನೆಗೆ ಬಂದವಳು ಒಬ್ಬ ಯುವ ಇಂಜಿನಿಯರ್. ಶಾಖ ಅಳೆಯುವ ಸಾಧನ ಹಿಡಿದು ತಾರಸಿ ಹತ್ತಿದಳು. ಸುಣ್ಣದ ಮೇಲೂ, ಸುಣ್ಣ ಬಳಿಯದ ಒಂದು ಮೂಲೆಯ ಮೇಲೂ ಹಿಡಿದು ನೋಡಿ ಮೆಚ್ಚಿದಳು. ಖರ್ಚಿಲ್ಲದ ಒಳ್ಳೆ ಉಪಾಯ, ಯಾರ ಯೋಚನೆ ಎಂದು ಕೇಳಿದಳು. ನಾನು ಅಲ್ಲೇ ನಿಂತಿದ್ದೆ. ಮೊದಲ ಸಲ ತಾರಸಿ ಹತ್ತಿದ್ದ ಅಧ್ಯಕ್ಷರು ಏದುಸಿರು ಬಿಡುತ್ತ, “ನಮ್ಮ ಸಮಿತಿದೇ ತೀರ್ಮಾನ,” ಎಂದರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಹಿತ್ತಲ ಮಡಲಿನ ಬೂದಿ ಅಲ್ಲಿಂದ ಚೆನ್ನಾಗಿ ಕಾಣುತ್ತಿತ್ತು.

ಅವಳು ಡಕ್ಟನ್ನೂ ನೋಡಬೇಕೆಂದಳು. ಮೂಗು ಮುಚ್ಚಿಕೊಂಡು ಹೋಗಿ ಬಂದು ಹೇಳಿದ್ದು ಇಷ್ಟೆ: ಇಕ್ಕಟ್ಟಿನಲ್ಲಿ ಇಟ್ಟಿರುವುದರಿಂದ ಪೆಟ್ಟಿಗೆಗಳು ತಾವು ಬಿಟ್ಟ ಬಿಸಿಯನ್ನೇ ಮತ್ತೆ ಎಳೆದುಕೊಳ್ಳುತ್ತಿವೆ, ಅದಕ್ಕೇ ಕರೆಂಟ್ ಹೆಚ್ಚು ತಿನ್ನುತ್ತಿವೆ, ಬಯಲಿಗೆ ಹಾಕಿ, ಮುಂದಿನ ಗಾಜಿಗೆ ಹೊರಗಿನಿಂದ ನೆರಳು ಕಟ್ಟಿ, ಬಿಲ್ಲು ಇಳಿಯುತ್ತದೆ. ಬಿಲ್ಲು ಎಂಬ ಮಾತು ಕಿವಿಗೆ ಬಿದ್ದದ್ದೇ ಅಧ್ಯಕ್ಷರು ಕಣ್ಣರಳಿಸಿದರು. ವಾರ ಕಳೆಯುವುದರೊಳಗೆ ಪೆಟ್ಟಿಗೆಗಳು ಹಿಂದಿನ ಗೋಡೆಗೆ ಹೋದವು. ನಾನು ಬೇಸಿಗೆಯುದ್ದಕ್ಕೂ ಕೇಳಿದ್ದು ಅದನ್ನೇ. ಜ್ವರ, ಕೀವು, ನಿದ್ದೆಗೇಡು ಎಂದು ಹೇಳಿದ್ದೆ. ಅವು ಆ ಸಭಾಂಗಣದಲ್ಲಿ ನಡೆಯುವ ನಾಣ್ಯಗಳಾಗಿರಲಿಲ್ಲ.

ಪ್ರಶಸ್ತಿ ಬಂತು. ಸುಣ್ಣದ ತಾರಸಿಯ ಮೇಲೆ ಹುಡುಗಿಯರನ್ನು ನಿಲ್ಲಿಸಿ ಫೋಟೊ ತೆಗೆಯುವುದೆಂದಾಯಿತು. ಬೆಳಿಗ್ಗೆ ಕಚೇರಿಯಿಂದ ಒಂದು ಸೂಚನೆ: ಮೈಯಲ್ಲಿ ಕಲೆ ಇರುವವರು ಉದ್ದ ತೋಳಿನ ಬಟ್ಟೆ ಹಾಕಿಕೊಳ್ಳಬೇಕು. ಅದನ್ನು ಕೇಳಿದಾಗ ನಿಜವಾಗಿಯೂ ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡೆ. ಬಾಯಿ ತೊಳೆದು ಬಂದು ಮಾವಳ್ಳಿಯ ಹುಡುಗಿಗೆ, ನೀನು ಫೋಟೊಕ್ಕೆ ನಿಲ್ಲುವುದೇ ಬೇಡ ಎಂದೆ. ಅವಳ ಪರೀಕ್ಷೆ ಮುಗಿದಿತ್ತು, ಮನೆಗೆ ಹೊರಟು ಚೀಲ ಕಟ್ಟಿಕೊಂಡಿದ್ದಳು.

“ನಿಲ್ತೆ ಅಕ್ಕೋರೆ. ತೋಳ್ ಮುಚ್ಚುದಿಲ್ಲ,” ಎಂದಳು.

ಗಿಡ್ಡ ತೋಳಿನ ಚೂಡಿದಾರ ಹಾಕಿಕೊಂಡು ಮುಂದಿನ ಸಾಲಿನಲ್ಲೇ ನಿಂತಳು. ಹಿಂದೆ ಹೋಗು ಎಂದು ಫೋಟೊದವನು ಕೈ ಬೀಸಿದ. ಅವಳು ಕದಲಲಿಲ್ಲ. ಪಕ್ಕದ ಹುಡುಗಿಯರೂ ಒಬ್ಬೊಬ್ಬರಾಗಿ ಅಂಗಿಯ ತೋಳನ್ನು ಮೇಲಕ್ಕೆ ಮಡಚಿಕೊಂಡರು. ಮುಂದೆ ಪತ್ರಿಕೆಯಲ್ಲಿ ಬಂದ ಫೋಟೊದಲ್ಲಿ ಅಧ್ಯಕ್ಷರು, ಮುಖ್ಯಾಧ್ಯಾಪಕಿ, ಗಾಜಿನ ಗೋಡೆ ಇಷ್ಟೇ ಇತ್ತು. ಹುಡುಗಿಯರಿದ್ದ ಫೋಟೊ ಎಲ್ಲೂ ಬರಲಿಲ್ಲ.

ಆ ವರ್ಷ ಮುಗಿಸಿ ಕೆಲಸ ಬಿಟ್ಟೆ. ಕೋಣೆಗಳು ತಂಪಾಗಿದ್ದವು, ಬಿಡುವುದೇಕೆ ಎಂದು ಹಲವರು ಕೇಳಿದರು. ಆ ಜನರ ಮುಂದೆ ಕೂತು ಚಾ ಕುಡಿಯಲು ಮನಸ್ಸು ಒಪ್ಪುತ್ತಿರಲಿಲ್ಲ, ಅಷ್ಟೆ. ಹುಡುಗಿ ಪಾಸಾಗಿ ಹೊನ್ನಾವರದಲ್ಲಿ ಡಿಗ್ರಿಗೆ ಸೇರಿದಳು. ಈಗಲೂ ಒಮ್ಮೊಮ್ಮೆ ಬಸ್ಸಿನಲ್ಲಿ ಸಿಗುತ್ತಾಳೆ. ನಾನೀಗ ಮುಟ್ಟಳ್ಳಿಯಲ್ಲೇ ಮಕ್ಕಳಿಗೆ ಮನೆಪಾಠ ಹೇಳುತ್ತೇನೆ.

ಕಳೆದ ಬೇಸಿಗೆಯಲ್ಲಿ ಆ ಹಾಸ್ಟೆಲ್ಲಿನ ಹೊಸ ವಾರ್ಡನ್ ನನ್ನ ನಂಬರ್ ಹುಡುಕಿ ಫೋನ್ ಮಾಡಿದಳು. ಸಭಾಂಗಣದ ಅರ್ಧವನ್ನು ಒಂದು ಅಂಗಡಿಗೆ ಕರೆಂಟನ್ನೂ ಸೇರಿಸಿ ಬಾಡಿಗೆ ಕೊಟ್ಟಿದ್ದಾರಂತೆ. ಅಂಗಡಿಯ ಎಸಿ ಪೆಟ್ಟಿಗೆಗಳನ್ನು ಮತ್ತೆ ಡಕ್ಟಿನಲ್ಲೇ ಕೂರಿಸಿದ್ದಾರಂತೆ. ಮಕ್ಕಳು ಬೇಯುತ್ತಿದ್ದಾರೆ, ಸಮಿತಿಗೆ ಏನೆಂದು ಹೇಳಲಿ ಅಕ್ಕಾ ಎಂದು ಅಳುವ ದನಿಯಲ್ಲಿ ಕೇಳಿದಳು.

“ಹುಡುಗೀರ ಸುದ್ದಿ ಎತ್ತಬೇಡ,” ಎಂದೆ. “ಬಿಲ್ಲು ಜಾಸ್ತಿ ಬತ್ತದೆ ಅಂತ ಹೇಳು.”

ಹಾಗೇ ಹೇಳಿದಳಂತೆ. ಪೆಟ್ಟಿಗೆಗಳು ಹಿಂದಿನ ಗೋಡೆಗೆ ಹೋದವು ಎಂದು ಮರುವಾರ ಖುಷಿಯಿಂದ ತಿಳಿಸಿದಳು. ಒಳ್ಳೆದಾಯಿತು ಎಂದು ಫೋನಿಟ್ಟೆ. ಆಮೇಲೆ ಅಂಗಳಕ್ಕೆ ಹೋಗಿ ಬಾಯಿ ಮುಕ್ಕಳಿಸಿದೆ.