ಕಾಕಾರನ್ನು ಡೆಕ್ಕಿಗೆ ಹತ್ತಿಸಿದ ಅರ್ಜಿ

ಮೊನ್ನೆ ರಾಯಚೂರಿನಲ್ಲಿ ಕರೆಂಟು ಹೋಗಿ ಪಕ್ಕದ ಅಂಗಡಿಯವರು ಜನರೇಟರ್ ಹಚ್ಚಿದರು. ಡೀಸೆಲ್ ವಾಸನೆ ನನ್ನ ಮೇಜಿನ ತನಕ ಬಂತು. ಅದರ ಬೆನ್ನಿಗೇ ಕಾಕಾ ನೆನಪಿಗೆ ಬಂದರು...

ದೇವದುರ್ಗದಲ್ಲಿ ಅವರದು ನಮ್ಮ ಪಕ್ಕದ ಮನೆ. ಸಮುದ್ರವನ್ನೇ ಕಾಣದ ಊರಿನಿಂದ ನೌಕಾಪಡೆಗೆ ಹೋಗಿ, ಯುದ್ಧದಲ್ಲಿ ಹಡಗಿನ ಎಂಜಿನ್ ಕೋಣೆಯಲ್ಲಿದ್ದು, ಎರಡೂ ಕಿವಿಗಳನ್ನು ಅಲ್ಲೇ ಬಿಟ್ಟು ಬಂದಿದ್ದರು. ಊರಲ್ಲಿ ಪಂಪ್‌ಸೆಟ್ ರಿಪೇರಿ. ಅಂಗೈ ಇಟ್ಟೇ ಎಂಜಿನ್ನಿನ ರೋಗ ಹೇಳುತ್ತಿದ್ದರು. ಕಿವುಡು ಯುದ್ಧದಲ್ಲೇ ಬಂದದ್ದೆಂದು ಸಾಬೀತಾದರೆ ಅಂಗವೈಕಲ್ಯ ಪಿಂಚಣಿ ಸಿಗುತ್ತಿತ್ತು. ಅದಕ್ಕೆ ಹೇಳಿಕೆ ಬರೆಸಲು, ರಾಯಚೂರಿನ ಸರ್ಕಾರಿ ಕಚೇರಿ ಗೇಟಿನೆದುರು ಅರ್ಜಿ ಟೈಪು ಮಾಡುವ ನನ್ನ ಬಳಿ ಬಂದರು.

“ನಾ ಏನೂ ನೋಡಿಲ್ಲಪಾ. ತಳದಾಗ ಇದ್ದೆ. ತೋಪು ಹೊಡದಾಗ ಕಬ್ಬಿಣ ಎಲ್ಲಾ ಗಂಟಿ ಹಂಗ ಹೊಡಕೊಂತಿತ್ತು. ಆಮ್ಯಾಲ ಯಾವ ಗಂಟಿನೂ ಕೇಳ್ಸಿಲ್ಲ.”

ಇಷ್ಟು ಸಪ್ಪೆ ಯುದ್ಧಕ್ಕೆ ಯಾರು ಪಿಂಚಣಿ ಕೊಟ್ಟಾರು? ನನ್ನ ಟೈಪ್‌ರೈಟರಿಗೆ ಆಗ ಕೀರ್ತಿ ಇತ್ತು. ಮಾನ್ವಿಯವರೊಬ್ಬರ ಕಳೆದ ಎಮ್ಮೆಯ ಅರ್ಜಿ ಓದಿ ಸಾಹೇಬರೇ ಮೂಗು ಒರೆಸಿಕೊಂಡಿದ್ದರು. ಕಾಕಾರನ್ನು ತಳದಿಂದ ಡೆಕ್ಕಿಗೆ ಹತ್ತಿಸಿದೆ. ತೋಪಿನ ಪಕ್ಕ ನಿಲ್ಲಿಸಿದೆ. ಶತ್ರುವಿನ ಹಡಗು ಮುಳುಗುವುದನ್ನು ಕಣ್ಣಾರೆ ಕಾಣಿಸಿದೆ.

ಸಹಿಗೆ ಮುನ್ನ ಓದಿ ಹೇಳುವುದು ನಮ್ಮ ಕಸುಬಿನ ನೇಮ. ಗಂಟಲು ಸರಿಮಾಡಿಕೊಂಡು ಇಡೀ ಅರ್ಜಿ ಓದಿದೆ, ಒಬ್ಬ ಕಿವುಡರಿಗೆ. ಅವರು ಭಕ್ತಿಯಿಂದ ತಲೆಯಾಡಿಸಿದರು. ಕೈಗೆ ಕೊಟ್ಟರೆ, “ನೀ ಬರದದ್ದು ನಾ ಏನ್ ಓದ್ಲಿ ಬಿಡೋ” ಎಂದು ಸಹಿ ಹಾಕಿದರು.

ಕೆಲವು ತಿಂಗಳ ಮೇಲೆ ಉತ್ತರ ಬಂತು. ಹಡಗಿನ ದಾಖಲೆಯಂತೆ ಅರ್ಜಿದಾರ ಎಂಜಿನ್ ಕೋಣೆಯಲ್ಲಿದ್ದ, ಹೇಳಿಕೆ ನಂಬಲರ್ಹವಲ್ಲ. ನಿಜ ಬರೆದಿದ್ದರೆ ಅದೇ ದಾಖಲೆ ಅವರಿಗೆ ಸಾಕ್ಷಿ ಹೇಳುತ್ತಿತ್ತು...

“ಡೆಕ್ಕಿನ ಮ್ಯಾಲಿದ್ದೆ ಅಂತ ಯಾರಲೇ ಹೇಳಿದ್ದು?”

“ಆಫೀಸಿನವ್ರು ತಪ್ಪು ತಿಳ್ಕೊಂಡಾರ, ಕಾಕಾ!” ಎಂದು ಕೂಗಿದೆ. ಗೇಟಿನ ಬಳಿಯವರಿಗೆಲ್ಲ ಕೇಳಿಸಿತು. ಕಾಕಾ ನನ್ನ ತುಟಿಯನ್ನೇ ನೋಡುತ್ತಿದ್ದರು.

“ಹೌದೇನು? ಮತ್ತೊಮ್ಮಿ ಬರೀತಿ?”

“ಬರೀತೀನ್ರಿ.”

ಮತ್ತೊಮ್ಮೆ ಬರೆಯಬೇಕಾದರೆ, ಮೊದಲಿನದು ನನ್ನ ಕಲ್ಪನೆ ಎಂದು ನಾನೇ ಪ್ರಮಾಣ ಮಾಡಬೇಕಿತ್ತು. ನಾಳೆ, ನಾಡಿದ್ದು ಎಂದೆ. ದೇವದುರ್ಗಕ್ಕೆ ಹೋದಾಗ ಹಿತ್ತಲ ಬಾಗಿಲಿನಿಂದ ಮನೆ ಸೇರುವುದನ್ನು ರೂಢಿಸಿಕೊಂಡೆ. ಕಾಕಾ ಕೇಳುತ್ತಲೇ ಇದ್ದರು. ಹೋದ ವರ್ಷ ತೀರಿಕೊಂಡರು.

ಆ ಪ್ರಮಾಣವನ್ನು ಈಗ ಟೈಪು ಮಾಡಿದ್ದೇನೆ. ಅಲಂಕಾರವಿಲ್ಲದ ನಾಲ್ಕು ಸಾಲು, ಕೆಳಗೆ ನನ್ನ ಸಹಿ. ಅದರ ಪಕ್ಕ ಅರ್ಜಿದಾರರ ಸಹಿಗೆ ಜಾಗ ಬಿಡಬೇಕೆಂಬುದು ನಿಯಮ. ಬಿಟ್ಟಿದ್ದೇನೆ.